ಹೊಸ ಹೂವಿನ ಪಾತಿಲಿ ಗಿಡ ಏಳ್ತಿಲ್ವಾ? ಗೊಬ್ಬರ ತರೋ ಮುಂಚೆ ಒಂದಡಿ ಅಗೆದು ನೋಡಿ

ಹೊಸ ಮನೆ ಕಟ್ಟಿಸಿದ ಮೇಲೆ ಮುಂದುಗಡೆ ಉಳಿದಿರೋ ಜಾಗದಲ್ಲಿ ಒಂದು ಹೂವಿನ ಪಾತಿ ಮಾಡ್ಬೇಕು ಅಂತ ಎಲ್ರಿಗೂ ಆಸೆ ಇರುತ್ತೆ. ಒಂದು ಲೋಡ್ ಕೆಂಪು ಮಣ್ಣು ಹೊಡಿಸ್ತಾರೆ, ನರ್ಸರಿಯಿಂದ ಚೆಂಡು ಹೂ, ಸೇವಂತಿಗೆ, ಎರಡು ಗುಲಾಬಿ ತಂದು ಇಡ್ತಾರೆ, ಹದಿನೈದು ದಿನ ಚೆನ್ನಾಗಿ ನಳನಳಿಸುತ್ತೆ, ಆಮೇಲೆ ಎಲೆ ಹಳದಿ ಆಗೋಕೆ ಶುರು, ಗಿಡ ಇದ್ದಲ್ಲೇ ಇರುತ್ತೆ, ಬಂದ ಮೊಗ್ಗೂ ಅರಳದೆ ಒಣಗುತ್ತೆ. ಆಗ ಎಲ್ರೂ ಓಡೋದು ಗೊಬ್ಬರದ ಅಂಗಡಿಗೆ. ನಾನೂ ಹೋಗಿದ್ದೆ. ಡಿಎಪಿ ಅನ್ನೋ ರಾಸಾಯನಿಕ ಗೊಬ್ಬರ ಹಾಕ್ದೆ, ಆಗ್ಲಿಲ್ಲ ಅಂತ ನೀರಲ್ಲಿ ಕರಗೋ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಸಮ ಇರೋ ಗೊಬ್ಬರ) ಹಾಕ್ದೆ, ಒಂದು ವಾರಕ್ಕೆ ಎಲೆ ಅಂಚೆಲ್ಲ ಸುಟ್ಟ ಹಾಗಾಗೋಯ್ತು.

ನಮ್ಮನೆ ಬೆಂಗಳೂರಲ್ಲಿ ಕೆಂಗೇರಿ ಆಚೆ, ಪಾತಿ 12 ಅಡಿ ಉದ್ದ 4 ಅಡಿ ಅಗಲ. ಜೂನ್ ಮೊದಲ ಮಳೆಗೆ ಗಿಡ ಇಟ್ಟಿದ್ದು, ಜುಲೈ ಕೊನೆಗೆ ಅರ್ಧ ಗಿಡ ಹೋಗಿತ್ತು. ಹಾಸನದ ಕಡೆ ಹೊಲ ಮಾಡ್ಕೊಂಡಿರೋ ನಮ್ಮಪ್ಪ ಆ ವಾರ ಬಂದಿದ್ರು, ಗಿಡದ ಕಡೆ ನೋಡ್ಲೇ ಇಲ್ಲ, "ಮೊದ್ಲು ಹಾರೆ ಕೊಡಮ್ಮ" ಅಂದ್ರು. ನಾಲ್ಕೈದು ಇಂಚು ಇಳಿದಿದ್ದೇ ಹಾರೆ ಠಣ್ ಅಂತು. ನೋಡಿದ್ರೆ ಗಾರೆ ಕಲಸಿದ ಜಾಗ ಅದು, ಸಿಮೆಂಟ್ ಹಾಲು ಹರಿದು ಗಟ್ಟಿಯಾಗಿ ಚಪ್ಪಡಿ ಥರ ಕೂತಿದೆ, ಅದರ ಮೇಲೆ ಟೈಲ್ಸ್ ಚೂರು, ಇಟ್ಟಿಗೆ ಚೂರು, ಅದರ ಮೇಲೆ ನಾವು ಹೊಡಿಸಿದ ಚಂದದ ಕೆಂಪು ಮಣ್ಣು. ಚಪ್ಪಡಿ ಮೇಲೆ ನಿಂತಿದ್ದ ಕೆಸರು ಚರಂಡಿ ಥರ ವಾಸನೆ. ಅಪ್ಪ ಒಂದು ಹಿಡಿ ಎತ್ತಿ ಮೂಸಿ "ಇದ್ರಲ್ಲಿ ಬೇರಿಗೆ ಉಸಿರಾಡೋಕೆ ಜಾಗವೇ ಇಲ್ವಲ್ಲಮ್ಮ, ಊಟ ಹಾಕಿ ಏನು ಮಾಡ್ತೀಯ" ಅಂದ್ರು.

ಅವತ್ತಿಂದ ಯಾರಾದ್ರೂ ಪಾತಿ ಸರಿ ಇಲ್ಲ ಅಂದ್ರೆ ನಾನು ಇದೇ ಕ್ರಮದಲ್ಲಿ ನೋಡ್ತೀನಿ. ಗಾಳಿ ನೀರು ಮೊದ್ಲು, ಸುಣ್ಣ ಉಪ್ಪು ಆಮೇಲೆ, ಹುಳ ರೋಗ ಅದಾದ್ಮೇಲೆ, ಪೋಷಕಾಂಶ ಕೊನೆಗೆ. ಕ್ರಮ ತಪ್ಪಿಸ್ಬೇಡಿ, ಯಾಕಂದ್ರೆ ನೀರು ನಿಂತ ಮಣ್ಣಲ್ಲೂ ಎಲೆ ಹಳದಿ ಆಗುತ್ತೆ, ಸುಣ್ಣ ಜಾಸ್ತಿ ಇದ್ರೂ ಹಳದಿ ಆಗುತ್ತೆ, ಸಾರಜನಕ ಕಮ್ಮಿ ಆದ್ರೂ ಹಳದಿ ಆಗುತ್ತೆ, ಎಲೆ ಒಂದನ್ನೇ ನೋಡಿ ತೀರ್ಮಾನ ಮಾಡಿದ್ರೆ ಮೂರರಲ್ಲಿ ಎರಡು ಸಲ ತಪ್ಪಾಗುತ್ತೆ.

ಗುಂಡಿ ತೆಗೀರಿ, ನೀರು ತುಂಬಿ

ಪಾತಿ ಮಧ್ಯೆ ಒಂದು, ಗೋಡೆ ಪಕ್ಕ ಒಂದು, ಒಂದಡಿ ಆಳ ಒಂದಡಿ ಅಗಲದ ಗುಂಡಿ ತೆಗೀರಿ. ತೆಗೀವಾಗಲೇ ಅರ್ಧ ಉತ್ತರ ಸಿಗುತ್ತೆ. ಮಣ್ಣು ಪದರ ಪದರ ಇದ್ಯಾ? ಮೇಲೆ ಕಪ್ಪುಗೆಂಪು, ಕೆಳಗೆ ಹೊಳೆಯೋ ಕೆಂಪು ಇದ್ಯಾ? ಸಿಮೆಂಟ್ ಗಂಟು, ಪೇಂಟ್ ಡಬ್ಬಿ, ಪ್ಲಾಸ್ಟರ್ ತುಂಡು ಸಿಕ್ತಾ? ಕೆಳಗಿನ ಮಣ್ಣು ಬೂದು ಅಥವಾ ನೀಲಿ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅಲ್ಲಿ ಬಹಳ ದಿನದಿಂದ ಗಾಳಿ ಆಡಿಲ್ಲ ಅಂತ ಅರ್ಥ. ಒಳ್ಳೆ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಬರುತ್ತಲ್ಲ, ಆ ವಾಸನೆ ಇರುತ್ತೆ.

ಆಮೇಲೆ ಗುಂಡಿ ತುಂಬ ನೀರು ಹಾಕಿ ಪೂರ್ತಿ ಇಂಗೋಕೆ ಬಿಡಿ. ಈ ಮೊದಲ ಸಲದ್ದು ಲೆಕ್ಕಕ್ಕಿಲ್ಲ, ಒಣ ಮಣ್ಣು ಹೇಗೂ ಕುಡಿದುಬಿಡುತ್ತೆ. ಎರಡನೇ ಸಲ ತುಂಬಿ, ಒಂದು ಕಡ್ಡಿ ಮೇಲೆ ಗುರುತು ಹಾಕಿ ಗುಂಡಿಲಿ ನಿಲ್ಲಿಸಿ, ಒಂದು ಗಂಟೆ ಬಿಟ್ಟು ನೋಡಿ. ಗಂಟೆಗೆ 1ರಿಂದ 3 ಇಂಚು ಇಳಿದ್ರೆ ಹೂವಿನ ಗಿಡಕ್ಕೆ ಸರಿಯಾದ ಮಣ್ಣು. 1 ಇಂಚೂ ಇಳೀಲಿಲ್ಲ ಅಂದ್ರೆ ಬೇರು ಕೊಳೆಯುತ್ತೆ, ಅಲ್ಲಿ ಯಾವ ಗೊಬ್ಬರಾನೂ ಕೆಲಸ ಮಾಡಲ್ಲ. 4 ಇಂಚಿಗಿಂತ ಜಾಸ್ತಿ ಇಳಿದ್ರೆ ಮರಳು ಜಾಸ್ತಿ, ಹಾಕಿದ ನೀರೂ ಗೊಬ್ಬರವೂ ಬೇರಿನ ಕೆಳಗೆ ಹೋಗ್ತಿದೆ. ನಮ್ಮ ಗುಂಡಿಲಿ ಮಾರನೇ ದಿನ ಬೆಳಿಗ್ಗೆನೂ ನೀರು ಹಾಗೇ ಇತ್ತು.

ನೀರು ನಿಲ್ಲೋಕೆ ಎರಡು ಕಾರಣ, ಒಂದು ಮಣ್ಣೇ ಜಿಗಟು, ಇನ್ನೊಂದು ಮಣ್ಣು ಚೆನ್ನಾಗಿದ್ರೂ ಕೆಳಗೆ ಗಟ್ಟಿ ಪದರ. ಎರಡಕ್ಕೂ ಮದ್ದು ಬೇರೆ ಬೇರೆ, ಅದಕ್ಕೆ ಇದನ್ನ ಬಿಡಿಸಿ ನೋಡ್ಲೇಬೇಕು. ಮಳೆ ಬಂದು ಒಂದು ದಿನ ಆದ್ಮೇಲೆ ಒಂದು ತೆಳು ಕಬ್ಬಿಣದ ಸರಳು ತಗೊಂಡು ಪಾತಿ ಉದ್ದಕ್ಕೂ ಹತ್ತು ಕಡೆ ಚುಚ್ಚಿ. ಎಲ್ಲಾ ಕಡೆ ಒಂದೇ ಆಳಕ್ಕೆ ಹೋಗಿ ನಿಂತ್ರೆ ಅಲ್ಲೊಂದು ಪದರ ಇದೆ, ಜೆಸಿಬಿ ಲಾರಿ ಓಡಾಡಿ ದಮ್ಮಸ್ಸಾದ ನೆಲ ಆಗಿರಬಹುದು ಇಲ್ಲಾ ನಮ್ಮ ಥರ ಗಾರೆ ಚಪ್ಪಡಿ ಆಗಿರಬಹುದು. ಪೂರ್ತಿ ಒಂದಡಿ ಸಲೀಸಾಗಿ ಹೋಯ್ತು, ಆದ್ರೂ ನೀರು ಇಂಗಲ್ಲ ಅಂದ್ರೆ ಮಣ್ಣಿನ ಗುಣ.

ಉಂಡೆ ಮಾಡಿ ನೋಡೋದು

ಒಂದು ಹಿಡಿ ಮಣ್ಣಿಗೆ ಸ್ವಲ್ಪ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಉಂಡೆನೇ ಆಗ್ಲಿಲ್ಲ, ಉದುರೋಯ್ತು ಅಂದ್ರೆ ಮರಳು. ಉಂಡೆ ಆಗಿ, ಹೆಬ್ಬೆರಳಲ್ಲಿ ಒತ್ತಿ ಪಟ್ಟಿ ಮಾಡೋಕೆ ಹೋದಾಗ ಒಂದಿಂಚಿಗೇ ಮುರಿದ್ರೆ ಹೂವಿಗೆ ಒಳ್ಳೆ ಹದ. ಎರಡಿಂಚಿಗಿಂತ ಉದ್ದ ಪಟ್ಟಿ ಬಂತು, ಬೆರಳಿಗೆ ಅಂಟಿಕೊಳ್ತು, ಬೆರಳಲ್ಲಿ ಉಜ್ಜಿದಾಗ ಹೊಳಪು ಬಂತು ಅಂದ್ರೆ ಜೇಡಿ. ಇನ್ನೂ ಸರಿಯಾಗಿ ನೋಡ್ಬೇಕಂದ್ರೆ ಗಾಜಿನ ಬಾಟ್ಲಿಲಿ ಮೂರನೇ ಒಂದು ಭಾಗ ಮಣ್ಣು, ಉಳಿದಿದ್ದು ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲೇ ತಳಕ್ಕೆ ಕೂರುತ್ತೆ, ನುಣುಪು ಗೋಡು ಎರಡು ಗಂಟೆ ತಗೊಳುತ್ತೆ, ಜೇಡಿ ಒಂದು ದಿನ ಕೆಲವು ಸಲ ಇನ್ನೂ ಜಾಸ್ತಿ. ಮೂರು ಪಟ್ಟೆ ಕಣ್ಣಿಗೇ ಕಾಣುತ್ತೆ.

ಜೇಡಿ ಅಂತ ಗೊತ್ತಾದ ತಕ್ಷಣ ಎಂ-ಸ್ಯಾಂಡ್ ತಂದು ಬೆರೆಸೋರು ಇದಾರೆ, ದಯವಿಟ್ಟು ಬೇಡ. ಸ್ವಲ್ಪ ಮರಳು ಜೇಡಿಗೆ ಸೇರಿದ್ರೆ ಒಣಗಿದಾಗ ಇಟ್ಟಿಗೆ ಥರ ಗಟ್ಟಿ ಆಗುತ್ತೆ, ಉಪಯೋಗ ಆಗ್ಬೇಕಂದ್ರೆ ಮಣ್ಣಿನ ಅರ್ಧದಷ್ಟಾದ್ರೂ ಮರಳು ಬೇಕು, ಅಷ್ಟು ಯಾರು ಹಾಕ್ತಾರೆ. ಜೇಡಿಗೂ ಮರಳಿಗೂ ಮದ್ದು ಒಂದೇ, ಚೆನ್ನಾಗಿ ಕಳಿತ ಗೊಬ್ಬರ. ಜೇಡಿಲಿ ಅದು ಕಣಗಳನ್ನ ಗುಂಪು ಮಾಡಿ ಮಧ್ಯೆ ಜಾಗ ಮಾಡುತ್ತೆ, ಮರಳಲ್ಲಿ ನೀರು ಹಿಡಿದುಕೊಳ್ಳುತ್ತೆ.

ಗದಗ, ಧಾರವಾಡ, ವಿಜಯಪುರದ ಕಡೆಯ ಎರೆ ಮಣ್ಣಿನೋರಿಗೆ ಇಲ್ಲೊಂದು ಮಾತು. ನಿಮ್ಮ ಮಣ್ಣಲ್ಲಿರೋ ಜೇಡಿ ನೀರು ಕುಡಿದು ಉಬ್ಬೋದು, ಒಣಗಿದಾಗ ಬಾಯಿ ಬಿಡೋದು, ಆಗ ಬೇರೇ ಹರಿದುಹೋಗುತ್ತೆ. ಅಲ್ಲಿ ನೆಲ ಅಗೆದು ತಗ್ಗು ಪಾತಿ ಮಾಡೋದಕ್ಕಿಂತ 9ರಿಂದ 12 ಇಂಚು ಏರುಮಡಿ ಮಾಡಿ, ಮೇಲೆ ಒಣ ಎಲೆ ಹೊದಿಸಿ. ಒದ್ದೆ ಇದ್ದಾಗ ಮಾತ್ರ ಕಾಲಿಡ್ಬೇಡಿ, ಅಗೀಬೇಡಿ, ಒಂದು ಸಲ ತುಳಿದು ಕೆಸರು ಮಾಡಿದ್ರೆ ಆ ವರ್ಷ ಪೂರ್ತಿ ಹೆಂಟೆನೇ. ಜಿಪ್ಸಂ ಹಾಕಿ ಅಂತ ಎಲ್ರಿಗೂ ಹೇಳ್ತಾರೆ, ಅದು ಕೆಲಸ ಮಾಡೋದು ಸೋಡಿಯಂ ಜಾಸ್ತಿ ಇರೋ ಚೌಳು ಮಣ್ಣಲ್ಲಿ, ಟೆಸ್ಟ್ ಮಾಡಿಸದೆ ಹಾಕೋದು ದುಡ್ಡು ದಂಡ.

ಹೊಸ ಎಲೆ ಹಳದಿನಾ, ಹಳೇ ಎಲೆನಾ

ನೀರು ಸರಿಯಾಗಿ ಇಂಗ್ತಿದೆ ಅಂತಾದ್ರೆ ಮಾತ್ರ ಇಲ್ಲಿಗೆ ಬನ್ನಿ.

ಬುಡದ ಹಳೇ ಎಲೆ ಪೂರ್ತಿ ಒಂದೇ ಸಮ ಹಳದಿ ಆಗ್ತಿದ್ರೆ ಸಾರಜನಕ ಕಮ್ಮಿ. ತುದಿಯ ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿದಿದ್ರೆ ಕಬ್ಬಿಣ ಸಿಗ್ತಿಲ್ಲ. ಗುಲಾಬಿ, ದಾಸವಾಳದಲ್ಲಿ ಇದು ಎದ್ದು ಕಾಣುತ್ತೆ. ಕೆಂಪು ಮಣ್ಣು ಕೆಂಪಾಗಿರೋದೇ ಕಬ್ಬಿಣದಿಂದ, ಮತ್ತೆ ಕೊರತೆ ಹೇಗೆ ಅಂತ ನಂಗೂ ಅನ್ನಿಸಿತ್ತು. ಕಬ್ಬಿಣ ಇರುತ್ತೆ, ಆದ್ರೆ ಪಿಎಚ್ (ಮಣ್ಣು ಹುಳಿನಾ ಕ್ಷಾರನಾ ಅಂತ ಹೇಳೋ ಅಳತೆ, 7ಕ್ಕಿಂತ ಮೇಲಿದ್ರೆ ಕ್ಷಾರ) ಮೇಲೆ ಹೋದಂಗೆ ಅದು ಕರಗದೆ ಕೂರುತ್ತೆ, ಗಿಡಕ್ಕೆ ಸಿಗಲ್ಲ. ಬಹಳಷ್ಟು ಹೂವಿನ ಗಿಡಕ್ಕೆ ಪಿಎಚ್ 6ರಿಂದ 7.5ರ ಒಳಗಿದ್ರೆ ಸಾಕು. ಹಸಿ ಸಿಮೆಂಟಿನ ಪಿಎಚ್ 12ರ ಮೇಲಿರುತ್ತೆ, ಗಾರೆ ತೊಳೆದ ನೀರು, ಸುಣ್ಣ ಕೆರೆದ ಪುಡಿ, ಕ್ಯೂರಿಂಗ್ ನೀರು ಎಲ್ಲಾ ಹರಿದು ನಿಂತಿರೋದು ಅದೇ ಜಾಗದಲ್ಲಿ ತಾನೆ.

ಮನೇಲೇ ನೋಡೋಕೆ ಸುಲಭ, ಒಣ ಮಣ್ಣು ಎರಡು ಚಮಚ ತಟ್ಟೆಲಿ ಹಾಕಿ ಮೇಲೆ ಬಿಳಿ ವಿನೆಗರ್ ಬಿಡಿ. ಸುರ್ ಅಂತ ನೊರೆ ಎದ್ರೆ ಸುಣ್ಣ ಇದೆ. ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಕೆಂಪು ಮಣ್ಣಲ್ಲಿ ಸಹಜವಾಗಿ ಸುಣ್ಣ ಕಮ್ಮಿ, ಅಲ್ಲಿ ನೊರೆ ಬಂದ್ರೆ ಕಟ್ಟಡದ ಕಸ ಸೇರಿದೆ ಅಂತ ಹೆಚ್ಚುಕಮ್ಮಿ ಖಚಿತ. ಎರೆ ಮಣ್ಣಲ್ಲಿ ಸುಣ್ಣದ ಹರಳು ಹುಟ್ಟಿನಿಂದಲೇ ಇರುತ್ತೆ, ಅಲ್ಲಿ ನೊರೆ ಬಂದ್ರೆ ಗಾಬರಿ ಬೇಡ, ಅಲ್ಲಿಗೆ ಒಗ್ಗೋ ಗಿಡ ಇಡಿ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನದು ಉಲ್ಟಾ ಕಥೆ, ಮಳೆಗೆ ಎಲ್ಲ ತೊಳೆದು ಹೋಗಿ ಹುಳಿ ಆಗಿರುತ್ತೆ, ಅಲ್ಲಿ ಸುಣ್ಣವೇ ಮದ್ದು. ಒಂದು ಊರಿನ ಸಲಹೆ ಇನ್ನೊಂದು ಊರಿಗೆ ನಡಿಯಲ್ಲ ಅನ್ನೋದು ಇದಕ್ಕೇ.

ಸುಣ್ಣ ಜಾಸ್ತಿ ಅಂತಾದ್ರೆ ಮೊದ್ಲು ಕಸ ಆರಿಸಿ ಆಚೆ ಹಾಕಿ. ಸಿಮೆಂಟ್ ಗಂಟು ಒಳಗೇ ಬಿಟ್ಟು ಗಂಧಕದ ಪುಡಿ ಹಾಕಿದ್ರೆ ತಿಂಗಳುಗಟ್ಟಲೆ ಹಾಕ್ತಾನೇ ಇರ್ಬೇಕು, ಗಂಧಕ ಹೇಗೂ ನಿಧಾನ, ಮಣ್ಣಿನ ಸೂಕ್ಷ್ಮಜೀವಿ ಅದನ್ನ ಆಮ್ಲ ಮಾಡೋಕೆ ತಿಂಗಳುಗಳೇ ಬೇಕು. ಅಲ್ಲಿವರೆಗೂ ಗಿಡ ಉಳಿಸ್ಕೊಳೋಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), 1 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಸಂಜೆ ಹೊತ್ತು ಎಲೆ ಮೇಲೆ ಸಿಂಪಡಿಸಬಹುದು. ಹೊಸದಾಗಿ ಬಂದ ಎಲೆ ಹಸಿರಾದ್ರೆ ನಿಮ್ಮ ಅಂದಾಜು ಸರಿ ಅಂತ ಗೊತ್ತಾಗುತ್ತೆ.

ಮೇಲೆ ಬಿಳಿ ಪುಡಿ ಕೂತಿದ್ರೆ

ಮಣ್ಣಿನ ಮೇಲೆ ಬಿಳಿ ಪೊರೆ, ಎಲೆ ತುದಿ ಅಂಚು ಕಂದು ಆಗಿ ಸುಟ್ಟಂಗೆ ಇದ್ರೆ ನೀರಿನ ಕಡೆ ನೋಡಿ. ಮನೇಲಿ ಆರ್‌ಓ ಫಿಲ್ಟರ್ ಇರೋರು ಅದರಿಂದ ಹೊರಗೆ ಬರೋ ವೇಸ್ಟ್ ನೀರನ್ನ ಬಕೆಟ್ಟಲ್ಲಿ ಹಿಡಿದು ಗಿಡಕ್ಕೆ ಹಾಕ್ತಾರೆ, ನೀರು ಉಳಿಸೋ ಮನಸ್ಸು ತುಂಬಾ ಒಳ್ಳೇದು, ಆದ್ರೆ ಬೋರ್‌ವೆಲ್ ನೀರಿನ ಉಪ್ಪೆಲ್ಲ ಒತ್ತಾಗಿ ಸೇರಿರೋದು ಅದರಲ್ಲೇ. ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ. ವಾಷಿಂಗ್ ಮಷೀನ್ ನೀರಲ್ಲಿ ಸೋಡಿಯಂ ಇರುತ್ತೆ, ಅದು ಮಣ್ಣಿನ ರಚನೆಯನ್ನೇ ಹಾಳು ಮಾಡುತ್ತೆ. ಆಗಿದ್ದು ಆಗಿದ್ರೆ ಪೊರೆ ಕೆರೆದು ತೆಗೆದು, ಮಳೆ ನೀರಲ್ಲೋ ಕಾವೇರಿ ನೀರಲ್ಲೋ ಎರಡು ಮೂರು ಸಲ ಪಾತಿ ಪೂರ್ತಿ ನೆನೆಸಿ ಉಪ್ಪನ್ನ ಕೆಳಕ್ಕೆ ಇಳಿಸಿ. ನೀರು ಇಂಗೋ ಮಣ್ಣಲ್ಲಿ ಮಾತ್ರ ಇದು ಆಗುತ್ತೆ, ಅದಕ್ಕೇ ಗುಂಡಿ ಪರೀಕ್ಷೆ ಮೊದ್ಲು ಅಂದಿದ್ದು. ನಾನು ಗಾಬರಿಲಿ ಸುರಿದ 19:19:19 ಕೂಡ ಉಪ್ಪೇ, ಇಂಗೋಕೆ ಜಾಗ ಇಲ್ದೆ ಬೇರಿನ ಹತ್ರಾನೇ ನಿಂತು ಸುಟ್ಟಿದ್ದು.

ಗಿಡ ಕಿತ್ತು ಬೇರು ನೋಡಿ

ಸಾಯ್ತಿರೋ ಗಿಡ ಒಂದನ್ನ ಬುಡಸಮೇತ ಎತ್ತಿ ನೀರಲ್ಲಿ ತೊಳೀರಿ, ಬೇಜಾರು ಮಾಡ್ಕೋಬೇಡಿ, ಆ ಒಂದು ಗಿಡ ಉಳಿದ ಹತ್ತನ್ನ ಉಳಿಸುತ್ತೆ. ಬೇರು ಬಿಳಿ ಗಟ್ಟಿ ಇದ್ರೆ ಆರೋಗ್ಯ. ಕಂದು, ಮೆತ್ತಗೆ, ಎಳೆದ್ರೆ ಸಿಪ್ಪೆ ಕೈಗೆ ಬಂದ್ರೆ ಕೊಳೆ ರೋಗ. ಬೇರಲ್ಲಿ ಸಾಸಿವೆ, ಕಡಲೆ ಗಾತ್ರದ ಗಂಟು ಗಂಟು ಇದ್ರೆ ಜಂತುಹುಳ, ಕನಕಾಂಬರ, ಸುಗಂಧರಾಜಕ್ಕೆ ಇದರ ಕಾಟ ಜಾಸ್ತಿ, ಆ ಪಾತಿಲಿ ಒಂದು ಹಂಗಾಮು ಬರೀ ಚೆಂಡು ಹೂ ಬೆಳೆದ್ರೆ ಹುಳದ ಸಂಖ್ಯೆ ಇಳಿಯುತ್ತೆ. ಬೇರೇ ಇಲ್ಲ, ಕಡಿದು ತಿಂದಂಗಿದೆ, ಗಿಡ ಎತ್ತಿದ್ರೆ ಸಲೀಸಾಗಿ ಬಂತು ಅಂದ್ರೆ ಪಕ್ಕದಲ್ಲಿ ಕೆದಕಿ, ಸಿ ಆಕಾರದಲ್ಲಿ ಮುದುಡಿ ಮಲಗಿರೋ ದಪ್ಪ ಬಿಳಿ ಗೊಣ್ಣೆ ಹುಳ ಸಿಗುತ್ತೆ. ಅದು ಬಹಳ ಸಲ ಬರೋದು ಸರಿಯಾಗಿ ಕಳೀದೆ ಇರೋ ಸಗಣಿ ಗೊಬ್ಬರದ ಜೊತೆ.

ಗೊಬ್ಬರ ಕಳಿತಿದ್ಯಾ ಅಂತ ನೋಡೋದು ಕಷ್ಟ ಏನಿಲ್ಲ, ಸಗಣಿ ವಾಸನೆ ಇರಬಾರದು, ಕೈ ಹಾಕಿದ್ರೆ ಬಿಸಿ ಇರಬಾರದು, ಹುಲ್ಲಿನ ಎಸಳು ಗುರುತು ಸಿಗಬಾರದು, ಪುಡಿಪುಡಿ ಕಪ್ಪಗಿರಬೇಕು. ಹಸಿ ಮರದ ಹೊಟ್ಟು, ಹಸಿ ತೆಂಗಿನ ನಾರು ಬೆರೆಸಿದ್ರೂ ತೊಂದರೆ, ಅದನ್ನ ಕಳಿಸೋಕೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳ್ಕೊಳ್ತವೆ, ಗಿಡ ಉಪವಾಸ ಬೀಳುತ್ತೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕೋದಾದ್ರೆ ಎರಡು ಮೂರು ನೀರಲ್ಲಿ ತೊಳೆದು ಹಾಕಿ, ಅದರಲ್ಲೂ ಉಪ್ಪಿರುತ್ತೆ.

ನಾವು ಸರಿ ಮಾಡಿದ್ದು ಹೀಗೆ

ಪಿಕಾಸಿ ಹಿಡಿದು ಚಪ್ಪಡಿ ಒಡೆದ್ವಿ, ಎರಡು ದಿನ ಹಿಡೀತು. ಮೇಲಿನ ಮಣ್ಣು ಒಂದು ಕಡೆ ರಾಶಿ, ಕಸ ಆರಿಸಿ ಚೀಲಕ್ಕೆ, ಕೆಳಗಿನ ನೆಲವನ್ನ ಇನ್ನೂ ಅರ್ಧ ಅಡಿ ಸಡಿಲ ಮಾಡಿ ತಿರುವದೆ ಅಲ್ಲೇ ಬಿಟ್ವಿ. ಕೆಳಮಣ್ಣನ್ನ ಮೇಲೆ ತರಬಾರದು ಅಂತ ಅಪ್ಪ ತುಂಬಾ ಹುಷಾರಾಗಿದ್ರು. ನಮ್ಮ ಪಾತಿ 48 ಚದರಡಿ, ಅದರ ಮೇಲೆ 2 ಇಂಚು ಗೊಬ್ಬರ ಹರಡ್ಬೇಕಂದ್ರೆ 8 ಘನ ಅಡಿ, ಅಂದ್ರೆ 225 ಲೀಟರ್ ಆಸುಪಾಸು, ಸುಮಾರು 20 ಬಾಂಡ್ಲಿ. ಅಂಗಡಿಯ 5 ಕೆಜಿ ಪ್ಯಾಕೆಟ್ ಎರಡು ತಂದು ಉದುರಿಸಿ ಗೊಬ್ಬರ ಹಾಕಿದೀವಿ ಅಂದ್ಕೊಳೋದು ಎಷ್ಟು ಸಾಲದು ಅಂತ ಈ ಲೆಕ್ಕ ಹಾಕಿದಾಗ ಗೊತ್ತಾಯ್ತು. ಅರ್ಧ ಕೆಜಿ ಬೇವಿನ ಹಿಂಡಿ, ಗೊಬ್ಬರಕ್ಕೆ ಟ್ರೈಕೋಡರ್ಮಾ (ಬೇರು ಕೊಳೆಸೋ ಶಿಲೀಂಧ್ರವನ್ನ ತಡೆಯೋ ಒಳ್ಳೇ ಶಿಲೀಂಧ್ರ) ಬೆರೆಸಿ ನೆರಳಲ್ಲಿ ತೇವ ಮಾಡಿ ಒಂದು ವಾರ ಮುಚ್ಚಿಟ್ಟು ಆಮೇಲೆ ಮೇಲಿನ 6ರಿಂದ 8 ಇಂಚಿಗೆ ಸೇರಿಸಿದ್ವಿ. ಮನೆ ಗೋಡೆಗೆ ತಾಗಿಸಿ ಮಣ್ಣು ಏರಿಸ್ಬೇಡಿ, ಗೋಡೆಗೆ ಥಂಡಿ ಹಿಡಿಯುತ್ತೆ, ಒಂದಡಿ ಬಿಡಿ. ತುಂಬಿದ ಪಾತಿ ಒಂದೆರಡು ಮಳೆಗೆ ಇಂಚೆರಡು ಇಂಚು ಕುಸಿಯುತ್ತೆ, ಅದಾದ್ಮೇಲೆ ಗಿಡ ಇಡಿ.

ಹೊಸ ಮಣ್ಣು ತರಿಸೋರು ಲೋಡ್ ಇಳಿಸೋ ಮುಂಚೆ ಒಂದು ಚೀಲ ತರಿಸಿ ನೋಡಿ. ಬೇಸ್‌ಮೆಂಟ್ ಅಗೆದ ಮಣ್ಣೇ ಎಷ್ಟೋ ಸಲ ತೋಟದ ಕೆಂಪು ಮಣ್ಣು ಅಂತ ಬರುತ್ತೆ, ನೋಡೋಕೆ ಕಡುಗೆಂಪು ಚಂದ, ಒಂದು ಬೇರಿನ ಎಳೆ ಇಲ್ಲ, ಒಂದು ಎರೆಹುಳ ಇಲ್ಲ, ಜೀವವೇ ಇಲ್ಲದ ಮಣ್ಣದು. ಒಂದು ಕುಂಡದಲ್ಲಿ ಆ ಮಣ್ಣು, ಇನ್ನೊಂದರಲ್ಲಿ ನಿಮಗೆ ನಂಬಿಕೆ ಇರೋ ಮಣ್ಣು ಹಾಕಿ ಎರಡರಲ್ಲೂ ಹತ್ತತ್ತು ಅಲಸಂದೆ ಕಾಳು ಬಿತ್ತಿ, ಹತ್ತು ದಿನಕ್ಕೆ ವ್ಯತ್ಯಾಸ ಕಾಣುತ್ತೆ. ಕೊನ್ನಾರಿ ಅನ್ನೋ ಕಳೆಯ ಗಡ್ಡೆ ಇದ್ರೆ ಆ ಲೋಡ್ ಬೇಡವೇ ಬೇಡ, ಅಗೆದಷ್ಟೂ ಗಡ್ಡೆ ಬಿಡಿಬಿಡಿ ಆಗಿ ಹೊಸದಾಗಿ ಮೊಳೆಯುತ್ತೆ. ಕೆರೆ ಗೋಡು ಒಳ್ಳೇದು, ಹಳ್ಳಿ ಕಡೆದು ಸಿಕ್ರೆ ಅದೃಷ್ಟ, ಸಿಟಿಯ ಚರಂಡಿ ಸೇರೋ ಕೆರೆದು ತರಬೇಡಿ.

ಅನುಮಾನ ಉಳಿದ್ರೆ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೃಷಿ ವಿವಿ ಲ್ಯಾಬಲ್ಲೋ ಟೆಸ್ಟ್ ಮಾಡಿಸಿ. ಐದಾರು ಕಡೆ 6 ಇಂಚು ಆಳಕ್ಕೆ ವಿ ಆಕಾರದಲ್ಲಿ ಗುಂಡಿ ತೆಗೆದು ಪಕ್ಕದಿಂದ ಒಂದೇ ದಪ್ಪದ ಚೂರು ತಗೊಂಡು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ, ಹೊಸದಾಗಿ ಗೊಬ್ಬರ ಹಾಕಿದ ಜಾಗದ್ದು ಬೇಡ. ವರದಿ ಬಂದಾಗ ಮೊದ್ಲು ಮೂರು ನೋಡಿ: ಪಿಎಚ್, ಲವಣಾಂಶ (ವರದಿಲಿ EC ಅಂತ ಇರುತ್ತೆ) 1 dS/mನ ಒಳಗಿದ್ಯಾ, ಸಾವಯವ ಇಂಗಾಲ ಶೇ. 0.5ಕ್ಕಿಂತ ಕಮ್ಮಿ ಇದ್ಯಾ. ನಮ್ಮ ಕೆಂಪು ಮಣ್ಣಲ್ಲಿ ಈ ಕೊನೇದು ಕಮ್ಮಿ ಇರೋದೇ ಜಾಸ್ತಿ.

ಎಲ್ಲಾ ಸರಿ ಇದೆ, ಗಿಡ ಸೊಂಪಾಗಿದೆ, ಕಡುಹಸಿರು ಎಲೆ, ಆದ್ರೆ ಹೂವೇ ಇಲ್ಲ ಅಂದ್ರೆ? ಸಾರಜನಕ ಜಾಸ್ತಿ ಆಗಿದೆ, ಯೂರಿಯಾ, ಕಡ್ಲೆ ಹಿಂಡಿ ನೀರು ಎಲ್ಲ ನಿಲ್ಸಿ, ಒಂದು ತಿಂಗಳು ಬರೀ ನೀರು ಕೊಡಿ. ಅದೂ ಅಲ್ಲ, ಗಿಡ ಕಡ್ಡಿ ಥರ ಉದ್ದಕ್ಕೆ ಬೆಳೆದು ಒಂದು ಕಡೆ ಬಾಗ್ತಿದೆ ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಒಂದು ದಿನ ಬಿಸಿಲು ಎಷ್ಟು ಗಂಟೆ ಬೀಳುತ್ತೆ ಅಂತ ಗುರುತು ಹಾಕ್ಕೊಳಿ. ಚೆಂಡು ಹೂ, ಗುಲಾಬಿಗೆ ಆರು ಗಂಟೆ ನೇರ ಬಿಸಿಲು ಬೇಕು, ಪಕ್ಕದ ಮನೆ ಮೂರನೇ ಮಹಡಿ ನೆರಳು ಬೀಳ್ತಿದ್ರೆ ಆ ಗಿಡಗಳನ್ನ ಕುಂಡಕ್ಕೆ ಹಾಕಿ ಟೆರೇಸ್ ಮೇಲಿಟ್ಟು ಇಲ್ಲಿ ಕನಕಾಂಬರ ಹಾಕಿ ನೋಡಿ, ಅದು ಅರೆನೆರಳಲ್ಲೂ ಹೂ ಕೊಡುತ್ತೆ.